ಒಂದನೇ ಇಯತ್ತೆಯ ಕೋಣೆಯಲ್ಲಿ ವೋಟು

ವೋಟಿನ ದಿನ ಬೆಳಿಗ್ಗೆ ಭಟ್ಕಳ ತಾಲೂಕಿನ ನಮ್ಮ ಮುಟ್ಟಳ್ಳಿ ಕಡೆ ಯಾರಾದರೂ ಎದುರು ಸಿಕ್ಕಾಗ ಎಲ್ಲಿಗೆ ಹೊರಟಿರಿ ಎಂದು ಕೇಳಿ ನೋಡಿ. ‘ಮತಗಟ್ಟೆಗೆ’ ಎನ್ನುವವರು ಸಿಗುವುದಿಲ್ಲ. ‘ಸಾಲಿಗೆ’ ಎಂದೇ ಉತ್ತರ. ಮತಗಟ್ಟೆ ಎಂಬುದು ಪೇಪರಿನ ಮಾತು. ಹಲ್ಲು ಉದುರಿದವರೂ ಅವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಲೆಗೆ ಹೊರಟವರೇ.

ನಮ್ಮ ಪಕ್ಕದ ಮನೆಯ ಅಮ್ಮಮ್ಮನದೂ ಇದೇ ಹಟ. 2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರು ಮನೆಯಲ್ಲೇ ವೋಟು ಹಾಕಬಹುದಿತ್ತು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅಕ್ಕ ಅದಕ್ಕೆ ಬೇಕಾದ 12ಡಿ ಫಾರ್ಮು ಹಿಡಿದು ಬಂದು ಜಗಲಿಯ ಮೇಲೆ ಕೂತು ಬಿಡಿಸಿ ಹೇಳಿದಳು. ಅಮ್ಮಮ್ಮ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, ‘ಬ್ಯಾಡ ಮಗಾ, ನಾ ಸಾಲಿಗೇ ಹೋಗ್ತೆ’ ಎಂದರು. ಅವರು ಓದಲಿಕ್ಕೆಂದು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಕ್ಕಳನ್ನು ಬಿಟ್ಟು ಬರಲು ಬಾಗಿಲತನಕ ಹೋಗುತ್ತಿದ್ದರು, ಅಷ್ಟೆ. ಒಳಗೆ ಕಾಲಿಟ್ಟದ್ದು ವೋಟಿಗೆ. ಆ ಕೋಣೆಯಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಕರೆಯುತ್ತಾರೆ ಎಂಬುದು ಅವರಿಗೆ ದೊಡ್ಡದು. ಮೇ 7ರ ಸೆಕೆಯಲ್ಲಿ ಮೊಮ್ಮಗನ ಕೈ ಹಿಡಿದು ಹೋಗಿ ಬಂದರು.

ಚುನಾವಣೆಗೆ ಶಾಲೆಯೇ ಏಕೆ? ಚುನಾವಣಾ ಆಯೋಗದ ನಿಯಮವೇ ಹಾಗಿದೆ. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಾಗಬಾರದು, ಕಟ್ಟಡ ಆದಷ್ಟು ಸರ್ಕಾರದ್ದೋ ಸಾರ್ವಜನಿಕರದ್ದೋ ಆಗಿರಬೇಕು. ಪೊಲೀಸ್ ಠಾಣೆ, ಆಸ್ಪತ್ರೆ, ಗುಡಿ, ಮಸೀದಿ, ಇಗರ್ಜಿ ಕೂಡದು. ಇವನ್ನೆಲ್ಲ ಬಿಟ್ಟರೆ ಊರಿನಲ್ಲಿ ಉಳಿಯುವುದು ಕನ್ನಡ ಶಾಲೆ, ಅಂಗನವಾಡಿ, ಪಂಚಾಯ್ತಿ ಕಚೇರಿ. ಭಟ್ಕಳದಂಥ ತಾಲೂಕಿನಲ್ಲಿ ಈ ನಿಯಮದ ಬೆಲೆ ನನಗೆ ಚೆನ್ನಾಗಿ ಗೊತ್ತು. ಕೇತಪೈ ನಾರಾಯಣ ದೇವಸ್ಥಾನ, ಚಂದ್ರನಾಥೇಶ್ವರ ಬಸದಿ, ಜಾಮಿಯಾ ಮಸೀದಿ ಎಲ್ಲವೂ ಇರುವ ಊರು ಇದು. ನಾಯ್ಕರು, ಮೊಗೇರರು, ದೇವಡಿಗರು, ಗೊಂಡರು, ನವಾಯತರು, ಕೊಂಕಣಿಗರು ಅವರವರ ಹಬ್ಬಕ್ಕೆ ಅವರವರ ಅಂಗಳದಲ್ಲಿ ಸೇರುತ್ತಾರೆ. ಎಲ್ಲರೂ ಒಂದೇ ಸಾಲಿನಲ್ಲಿ, ಒಬ್ಬರ ಬೆನ್ನಿಗೊಬ್ಬರು ನಿಲ್ಲುವ ಜಗಲಿ ಶಾಲೆಯದ್ದು.

ಮೊದಲ ಮಹಾಚುನಾವಣೆಯ ಕಾಲಕ್ಕೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1952ರಲ್ಲಿ ಇಲ್ಲಿಂದ ಲೋಕಸಭೆಗೆ ಆರಿಸಿ ಹೋದವರು ಜೋಕಿಂ ಆಳ್ವ. ಆಗ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಗುರುತು. ಚೀಟಿಯನ್ನು ನಮಗೆ ಬೇಕಾದವರ ಪೆಟ್ಟಿಗೆಗೆ ಹಾಕಿದರಾಯಿತು. ಆಮೇಲೆ ಒಂದೇ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಬಂತು, ಮೈಸೂರಿನ ಬಣ್ಣದ ಕಾರ್ಖಾನೆಯ ಶಾಯಿ ಬಂತು, ಈಗ ಯಂತ್ರ ಬಂದು ಏಳು ಸೆಕೆಂಡು ಕಾಗದ ತೋರಿಸುತ್ತದೆ. ಇಷ್ಟೆಲ್ಲ ಬದಲಾದರೂ ವೋಟು ಹಾಕುವ ಜಾಗ ಮಾತ್ರ ಶಾಲೆಯೇ.

ವೋಟಿನ ಹಿಂದಿನ ದಿನದ ಸಂಜೆ ಶಾಲೆ ನೋಡಲು ನನಗೆ ಇಷ್ಟ. ಬೆಂಚುಗಳೆಲ್ಲ ಜಗಲಿಗೆ ಬಂದು ಒಂದರ ಮೇಲೊಂದು ಕೂತಿರುತ್ತವೆ. ಅಂಗಳದಲ್ಲಿ ಸುಣ್ಣದ ಪುಡಿಯ ಗೆರೆ. ಮತಯಂತ್ರ ಪಡೆದು ಬಸ್ಸಿಳಿದ ಚುನಾವಣಾ ಸಿಬ್ಬಂದಿ ಮೊದಲು ಕೇಳುವುದು ಬಾವಿ ಎಲ್ಲಿದೆ ಎಂದು. ಬಿಸಿಯೂಟದ ಅಕ್ಕಂದಿರು ಅವರಿಗೆ ಗಂಜಿ, ಸಾರು ಮಾಡಿ ಹಾಕುತ್ತಾರೆ. ಒಮ್ಮೆ ಒಂದನೇ ಇಯತ್ತೆಯ ಕೋಣೆಯಲ್ಲಿ ಅಕ್ಕೋರು ಸ್ಟೂಲು ಹತ್ತಿ ಗೋಡೆಗೆ ಪೇಪರು ಅಂಟಿಸುತ್ತಿದ್ದರು. ಅಕ್ಷರಮಾಲೆಯಲ್ಲಿ ‘ಕ’ ಎಂದರೆ ಕಮಲ. ಅದರ ಪಕ್ಕದ ಪಟದಲ್ಲಿ ಕಣ್ಣು, ಕಿವಿ, ಮೂಗು, ಕೈ. ಮಕ್ಕಳ ಪಾಠವೂ ಯಾರ ಪ್ರಚಾರವೂ ಆಗಬಾರದೆಂದು ಎರಡಕ್ಕೂ ಒಂದೇ ಅಳತೆಯ ಪೇಪರು ಕತ್ತರಿಸಿ ಮುಚ್ಚಿದರು. ಕೆಳಗಿಳಿದು, ಎರಡೂ ಸರಿಯಾಗಿ ಮುಚ್ಚಿವೆಯೇ ಎಂದು ಬಾಗಿಲ ಬಳಿ ನಿಂತು ಇನ್ನೊಮ್ಮೆ ನೋಡಿದರು. ಈ ದೇಶದ ಚುನಾವಣೆಯ ಮೇಲೆ ನನಗಿರುವ ನಂಬಿಕೆಯಲ್ಲಿ ಆ ಅಕ್ಕೋರ ಪಾಲು ದೊಡ್ಡದು.

ಶಾಲೆಯ ಕಟ್ಟಡ ಊರಿಗೆ ಇನ್ನೂ ಹಲವು ಬಗೆಯಲ್ಲಿ ಆಗಿಬರುತ್ತದೆ. ಪೋಲಿಯೋ ಹನಿ ಹಾಕುವುದು ಅಲ್ಲೇ. ಮಳೆಗಾಲದಲ್ಲಿ ನೆರೆ ಬಂದರೆ ಕಾಳಜಿ ಕೇಂದ್ರ ತೆರೆಯಲು ಮೊದಲು ಹುಡುಕುವುದೂ ಶಾಲೆಯನ್ನೇ. 2022ರ ಆಗಸ್ಟ್ 2ರ ಬೆಳಗ್ಗೆ ಇದೇ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. ಅಂದಿನಿಂದ ಜೋರು ಮಳೆ ಹಿಡಿದ ರಾತ್ರಿಗಳಲ್ಲಿ, ಗಟ್ಟಿ ಗೋಡೆಯ ಕಟ್ಟಡವೊಂದು ನಡೆದು ಹೋಗುವಷ್ಟು ಹತ್ತಿರ ಇದೆಯೇ ಎಂದು ನಾನು ಲೆಕ್ಕ ಹಾಕುತ್ತೇನೆ.

ಇನ್ನು ನನ್ನ ಹೊಟ್ಟೆಯೊಳಗಿನ ಸಂಕಟ. ಮತಗಟ್ಟೆಯಲ್ಲಿ ಕುಡಿಯುವ ನೀರು, ಶೌಚಾಲಯ, ದೀಪ, ಗಾಲಿಕುರ್ಚಿಗೆ ರ‍್ಯಾಂಪು ಇರಲೇಬೇಕು ಎಂದು ಆಯೋಗ ಹೇಳುತ್ತದೆ. ಮೆಚ್ಚುವ ಮಾತು. ಆದರೆ ನಾನು ವೋಟು ಹಾಕಿದ ಒಂದು ಶಾಲೆಯಲ್ಲಿ ಹಲಗೆಯ ರ‍್ಯಾಂಪು ಬಂದದ್ದು ಹಿಂದಿನ ಸಂಜೆ. ವೋಟು ಮುಗಿದ ಮರುದಿನ ಅದು ಟೆಂಪೋ ಹತ್ತಿ ಹೋಯಿತು. ನಲ್ಲಿಗೆ ನೀರು ಬಿಟ್ಟ ಟ್ಯಾಂಕರೂ ಆ ಒಂದು ದಿನದ್ದು. ಅದೇ ಶಾಲೆಗೆ ಕಾಲು ಬಾರದ ಹುಡುಗನೊಬ್ಬ ಬರುತ್ತಿದ್ದ. ಮೂರು ಮೆಟ್ಟಿಲು ಹತ್ತಿಸಲು ಅವನ ಅಬ್ಬೆ ದಿನವೂ ಅವನನ್ನು ಸೊಂಟದ ಮೇಲೆ ಹೊರುತ್ತಿದ್ದಳು. ಮಕ್ಕಳಿಗೆ ಶೌಚಾಲಯ, ಕುಡಿಯುವ ನೀರು, ಅಡೆತಡೆಯಿಲ್ಲದ ಬಾಗಿಲು ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳಿದೆ. ಐದು ವರ್ಷಕ್ಕೊಮ್ಮೆ ಬರುವ ನಮಗೆ ಒಂದು ರಾತ್ರಿಯಲ್ಲಿ ಒದಗಿದ್ದು ದಿನವೂ ಬರುವ ಮಕ್ಕಳಿಗೆ ಒದಗದಿರುವುದು ತಪ್ಪು. ಇದನ್ನು ನಾನು ಸಣ್ಣ ತಪ್ಪೆಂದು ಒಪ್ಪಲಾರೆ.

ಆಸ್ಟ್ರೇಲಿಯಾದಲ್ಲಿಯೂ ವೋಟು ಹೆಚ್ಚಾಗಿ ಶಾಲೆಗಳಲ್ಲೇ, ಅದೂ ಶನಿವಾರ. ಅಂದು ಪಾಲಕರು ಅಂಗಳದಲ್ಲಿ ಒಲೆ ಹೂಡಿ ಬ್ರೆಡ್ಡಿನೊಳಗೆ ಮಾಂಸದ ಸಾಸೇಜು ಇಟ್ಟು ಮಾರಿ, ಬಂದ ದುಡ್ಡನ್ನು ಶಾಲೆಗೇ ಕೊಡುತ್ತಾರೆ. ನಮ್ಮಲ್ಲಿ ಮತಗಟ್ಟೆಯ ಬಳಿ ಅಂಗಡಿ ಹೂಡುವುದು ಬೇಡ. ಆದರೆ ವೋಟಿಗೆ ಬಂದ ಊರು ಶಾಲೆಗೇನಾದರೂ ಬಿಟ್ಟು ಹೋಗಬೇಕು ಎಂಬ ಬುದ್ಧಿ ನಮಗೂ ಬರಲಿ.

ಮುಂದಿನ ಸಲ ಬೆರಳಿಗೆ ಶಾಯಿ ಹಾಕಿಸಿಕೊಂಡು ಹೊರಗೆ ಬಂದಮೇಲೆ ಐದು ನಿಮಿಷ ನಿಲ್ಲಿ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ, ರ‍್ಯಾಂಪು ಸಿಮೆಂಟಿನದೋ ಹಲಗೆಯದೋ ನೋಡಿ. ಹಲಗೆಯದಾದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗಿ ಕೇಳಿ. 2024ರಲ್ಲಿ ನಾವು ವೋಟು ಹಾಕಿದ್ದು ಮೇ 7ಕ್ಕೆ. ಮೇ 29ಕ್ಕೆ ಶಾಲೆಯ ಬಾಗಿಲು ಮತ್ತೆ ತೆರೆಯಿತು. ನಡುವೆ ಇದ್ದದ್ದು ಮೂರು ವಾರ. ಒಂದು ಸಿಮೆಂಟಿನ ರ‍್ಯಾಂಪು ಕಟ್ಟಲು ಅಷ್ಟು ಸಾಕು.