ಹಳದಿ ಬೋರ್ಡಿನ ಕಾಲ

ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜು ದೇಶದಲ್ಲೇ ಮೊದಲು ಬಂದು ಕೂತದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಚೆನ್ನಮ್ಮನ ಕೋಟೆ ನೋಡಲು ಬಂದವರಿಗೆ ಇದನ್ನು ಯಾರೂ ಹೇಳುವುದಿಲ್ಲ. ನಾನು ಮಾತ್ರ ಬಿಡದೆ ಹೇಳುತ್ತೇನೆ. 128 ಪೋರ್ಟುಗಳ ಆ ಪುಟ್ಟ ಯಂತ್ರಕ್ಕೆ ಏಸಿ ಬೇಕಿರಲಿಲ್ಲ. ನಮ್ಮ ಬಿಸಿಲು, ಧೂಳು ತಾಳಿಕೊಳ್ಳಲಿ ಎಂದೇ ಅದನ್ನು ಮಾಡಿದ್ದರು.

ಅದಕ್ಕೂ ಮೊದಲು ಪರಊರಿಗೆ ಮಾತಾಡಬೇಕೆಂದರೆ ಪೋಸ್ಟಾಫೀಸಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಟ್ಟೆಯ ಮೇಲೆ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ ಏರುತ್ತಿತ್ತು. ಬಡವರದು ಯಾವಾಗಲೂ ಆರ್ಡಿನರಿ. ಬೆಳಿಗ್ಗೆ ಹೇಳಿದ ಕಾಲ್ ಮಧ್ಯಾಹ್ನವಾದರೂ ಬರುತ್ತಿರಲಿಲ್ಲ.

ಮುಂದೆ ಎಸ್‌ಟಿಡಿ ಬೂತುಗಳ ಕಾಲ ಬಂತು. ಬೂತು ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಪೋಲಿಯೋದಿಂದ ಕಾಲು ಸೋತಿದ್ದ ನನ್ನ ಸೋದರಮಾವನಿಗೂ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಿಕ್ಕಿತು. ಹಳದಿ ಬೋರ್ಡು, ಗಾಜಿನ ಬಾಗಿಲು, ಕೆಂಪಂಕಿಯ ಮೀಟರು, ಕಿರ್‌ ಎನ್ನುತ್ತಾ ಚೀಟಿ ಬಿಡುವ ಪ್ರಿಂಟರು. ಅಲ್ಲಿಯವರೆಗೆ ಮನೆಯ ಮೂಲೆಯಲ್ಲಿದ್ದ ಮನುಷ್ಯ ಊರಿಗೆಲ್ಲ ಬೇಕಾದವನಾದ. ಕಾಲೇಜು ಬಿಟ್ಟ ಮೇಲೆ ನಾನೂ ಅಲ್ಲೇ.

ಮಾವನ ನಂಬರು ಸುತ್ತಲಿನ ಹಳ್ಳಿಗಳ ಲಗ್ನಪತ್ರಿಕೆಗಳಲ್ಲಿ, ಮುಂದೆ ‘ಪಿ.ಪಿ.’ ಎಂಬ ಎರಡಕ್ಷರ ಹೊತ್ತು ಅಚ್ಚಾಗುತ್ತಿತ್ತು. ಫೋನು ನಮ್ಮದು, ಕರೆ ಊರವರದು. ಪುಣೆಯಿಂದಲೋ ಜಮ್ಮುವಿನಿಂದಲೋ ಯಾರಾದರೂ ಮಾಡಿದರೆ ಮಾವ “ಹತ್ತು ನಿಮಿಷ ಬಿಟ್ಟು ಮಾಡ್ರಿ, ಕರಸ್ತೀನಿ” ಎನ್ನುವನು. ನಾನು ಸೈಕಲ್ ಹತ್ತುವೆ. ಸೈನಿಕನ ತಾಯಿ ಸೆರಗು ಸರಿಮಾಡಿಕೊಳ್ಳುತ್ತಾ ಓಡಿ ಬಂದು, ರಿಸೀವರ್ ಹಿಡಿದು, ಏನೂ ಮಾತಾಡದೆ ಬರೀ ಕೇಳಿಸಿಕೊಳ್ಳುತ್ತಿದ್ದಳು. ರಾತ್ರಿ ತಡವಾದಷ್ಟೂ ದರ ಇಳಿಯುತ್ತಿದ್ದುದರಿಂದ ಊರು ಮಲಗುವ ಹೊತ್ತಿಗೇ ಬೂತಿನ ಮುಂದೆ ಸಾಲು.

ಸಾವಿನ ಸುದ್ದಿಗೆ ಮಾವ ಒಂದು ಕಟ್ಟುನಿಟ್ಟು ಮಾಡಿದ್ದ. ದಾರಿಯಲ್ಲಿ ಹೇಳಬಾರದು, ಬಾಗಿಲಲ್ಲಿ ನಿಂತೂ ಹೇಳಬಾರದು. “ಆರಾಮಿಲ್ಲಂತ, ನಿಮ್ಮನ್ನ ನೋಡಬೇಕಂತಾರಂತ” ಎಂದಷ್ಟೇ ಹೇಳಿ, ಮನೆಯ ಹಿರಿಯರನ್ನು ಪಕ್ಕಕ್ಕೆ ಕರೆದು ನಿಜ ತಿಳಿಸಬೇಕು. ಇಂದು ಅದೇ ಸುದ್ದಿ ಫೋಟೋ, ಹಾರ ಸಮೇತ ವಾಟ್ಸಾಪ್ ಗ್ರೂಪಿನಲ್ಲಿ ಬಂದು ಬೀಳುತ್ತದೆ. ಬಸ್ಸಿನಲ್ಲಿ ಒಬ್ಬಳೇ ಕೂತ ಮಗಳು ತಂದೆ ಹೋದದ್ದನ್ನು ಹಾಗೆ ಓದಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದು ತಪ್ಪು. ವೇಗ ಎಷ್ಟೇ ಇರಲಿ, ಅಂಥ ಸುದ್ದಿ ಮುಟ್ಟಿಸಲು ಒಬ್ಬ ಮನುಷ್ಯ ಬೇಕು.

ಹಾಗೆಂದು ಆ ಕಾಲ ಮರಳಲಿ ಎನ್ನಲಾರೆ. ಗಾಜಿನ ಬಾಗಿಲು ಇದ್ದರೂ ಹೊರಗೆ ನಿಂತವರಿಗೆಲ್ಲ ಮಾತು ಕೇಳಿಸುತ್ತಿತ್ತು. ಗಂಡನ ಮನೆಯ ಕಷ್ಟ ಹೇಳಿಕೊಳ್ಳಬೇಕೆಂದು ಬಂದ ಹೆಣ್ಣುಮಕ್ಕಳು ಬೆನ್ನ ಹಿಂದಿನ ಸಾಲು ನೋಡಿ, “ಎಲ್ಲಾ ಆರಾಮ ಅದೀವಿ ಯವ್ವಾ” ಎಂದು ಫೋನು ಇಟ್ಟುಬಿಡುತ್ತಿದ್ದರು. ಮೀಟರು ಓಡುವ ಭಯ ಬೇರೆ. ಈಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ತವರಿನ ಜೊತೆ ಗಂಟೆಗಟ್ಟಲೆ ಮಾತಾಡುವ ಸೊಸೆಯನ್ನು ಕಂಡರೆ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

2003ರಲ್ಲಿ ಮೊಬೈಲಿಗೆ ಇನ್‌ಕಮಿಂಗ್ ಉಚಿತವಾಯಿತು. ಆಮೇಲೆ ಬೂತು ಸೊರಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಮಾವ ಜೆರಾಕ್ಸ್ ಇಟ್ಟ, ರೀಚಾರ್ಜ್ ಕೂಪನ್ ಮಾರಿದ. 2013ರ ಜುಲೈನಲ್ಲಿ ತಂತಿ ಸೇವೆ ನಿಂತಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಬೂತುಗಳು ಮುಚ್ಚಿದಾಗ ಅಷ್ಟು ಸದ್ದಾಗಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಸಂಸಾರ ನಡೆಸಿದ ಎಷ್ಟೋ ಜನರ ದುಡಿಮೆ ಅದರ ಜೊತೆಗೇ ಹೋಯಿತು, ಅದನ್ನು ನಾವು ಗಮನಿಸಬೇಕಿತ್ತು.

ಈಗಲೂ ಮುದುಕಿಯರು ಬ್ಯಾಂಕಿನ ಮೆಸೇಜು ಓದಿಸಲು, ಪಿಂಚಣಿ ಬಂತೋ ಇಲ್ಲವೋ ನೋಡಿಸಲು ಮೊಬೈಲು ಹಿಡಿದು ಮಾವನ ಬಳಿಗೇ ಬರುತ್ತಾರೆ. ಅವನು ದುಡ್ಡು ಮುಟ್ಟುವುದಿಲ್ಲ. ತಗೋಬೇಕು, ಅದೂ ದುಡಿಮೆಯೇ ಎಂದು ನಾನು ಹೋದಾಗಲೆಲ್ಲ ಜಗಳ ತೆಗೆಯುತ್ತೇನೆ.