ಒಬ್ಬನ ಅಪರಾಧ, ಎಲ್ಲ ಬಡವರಿಗೆ ಶಿಕ್ಷೆ

2012ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಮನೆಯೊಂದು ಹೊತ್ತಿ ಉರಿದು ಆರು ಮಕ್ಕಳು ಸತ್ತರು. ಬೆಂಕಿ ಇಡುವ ಸಂಚು ಹೂಡಿದವನು ಆ ಮನೆಯ ಯಜಮಾನನೇ. ತನ್ನನ್ನು ಬಿಟ್ಟುಹೋದ ಹೆಣ್ಣಿನ ತಲೆಗೆ ಆ ಬೆಂಕಿಯನ್ನು ಕಟ್ಟಿ, ಅವಳ ಬಳಿಯಿದ್ದ ಮಕ್ಕಳನ್ನು ಕಸಿದುಕೊಳ್ಳುವುದು ಅವನ ಉದ್ದೇಶ.

2013ರ ಏಪ್ರಿಲ್‌ನಲ್ಲಿ ತೀರ್ಪು ಬಂದಾಗ 'ಡೈಲಿ ಮೇಲ್' ಮುಖಪುಟದಲ್ಲಿ ಅವನನ್ನು ಸರ್ಕಾರಿ ಭತ್ಯೆ ವ್ಯವಸ್ಥೆಯೇ ಹುಟ್ಟುಹಾಕಿದ ನೀಚ ಎಂದು ಬಣ್ಣಿಸಿತು. ಇಂಥವರ ಬದುಕಿಗೆ ತೆರಿಗೆದಾರರು ಯಾಕೆ ಹಣ ಕೊಡಬೇಕೆಂಬ ಚರ್ಚೆ ಆಗಬೇಕೆಂದರು ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್. ಬಡವರ ಭತ್ಯೆಗೆ ಕತ್ತರಿ ಬೀಳುತ್ತಿದ್ದುದೂ ಅದೇ ತಿಂಗಳು.

ಆದರೆ ಅದೇ ಮನುಷ್ಯ 1978ರಲ್ಲೇ, ತನ್ನನ್ನು ತೊರೆದ ಹುಡುಗಿಗೆ ಚೂರಿ ಹಾಕಿ ಕೊಲೆಯತ್ನಕ್ಕೆ ಜೈಲು ಕಂಡಿದ್ದ. ಮನೆಯ ಹೆಂಗಸರ ದುಡಿಮೆಯ ಹಣವೂ ಅವನ ಕೈಗೇ ಸೇರುತ್ತಿತ್ತು. ಕೇಳಬೇಕಿದ್ದ ಪ್ರಶ್ನೆ ಇಲ್ಲಿತ್ತು: ಬಿಟ್ಟುಹೋಗುವ ಹೆಣ್ಣನ್ನು ಶಿಕ್ಷಿಸುವ ಗಂಡಸಿನಿಂದ ಅವಳನ್ನೂ ಮಕ್ಕಳನ್ನೂ ಕಾಪಾಡುವುದು ಹೇಗೆ?

ಶ್ರೀಮಂತನೊಬ್ಬ ಹೆಂಡತಿ ಮಕ್ಕಳನ್ನು ಕೊಂದರೆ ಆಸ್ತಿಯೇ ಅದಕ್ಕೆ ಕಾರಣವೆಂದು ಯಾರೂ ಬರೆಯುವುದಿಲ್ಲ. ಬಡವ ಕೊಂದರೆ ಮಾತ್ರ ಇಡೀ ವರ್ಗವನ್ನೇ ಕಟಕಟೆಗೆ ತರುತ್ತೇವೆ. ಭತ್ಯೆ ಎಷ್ಟಿರಬೇಕೆಂದು ಖಂಡಿತ ವಾದಿಸೋಣ. ಬಾಡಿಗೆ, ಕೂಲಿ, ಮಕ್ಕಳ ಊಟದ ಲೆಕ್ಕ ಮುಂದಿಟ್ಟುಕೊಂಡು ವಾದಿಸೋಣ. ಸತ್ತ ಮಕ್ಕಳನ್ನು ಆ ವಾದಕ್ಕೆ ಸಾಕ್ಷಿಯಾಗಿ ಎಳೆದು ತರುವುದು ಅನ್ಯಾಯ. ಆ ಭತ್ಯೆಯಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಲಕ್ಷಾಂತರ ಮಕ್ಕಳಿಗೂ ಅನ್ಯಾಯ.