ಶುಕ್ರವಾರ ಕಳೆದು ಭಾನುವಾರ ಬರುವತನಕ

ಕ್ರೈಸ್ತರ ಹಬ್ಬಗಳಲ್ಲಿ ಕ್ರಿಸ್ಮಸ್ ಎಲ್ಲರಿಗೂ ಪರಿಚಿತ. ನಕ್ಷತ್ರದ ಗೂಡುದೀಪ, ಕೇಕು, ಹೊಸ ಬಟ್ಟೆ ಇವುಗಳಲ್ಲಿ ನೆರೆಮನೆಯ ಮಕ್ಕಳಿಗೂ ಪಾಲುಂಟು. ಈಸ್ಟರ್ ಅಷ್ಟು ಸುಲಭವಾಗಿ ಕೈಗೆ ಸಿಕ್ಕುವ ಹಬ್ಬವಲ್ಲ. ಅದಕ್ಕೆ ಗೊತ್ತಾದ ತಾರೀಖು ಕೂಡ ಇಲ್ಲ. ಪಾಶ್ಚಾತ್ಯ ಸಂಪ್ರದಾಯದ ಸಭೆಗಳಲ್ಲಿ ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್ ಎಂಬುದು ಲೆಕ್ಕ. ಚಂದ್ರನನ್ನು ನೋಡಿ ಹಬ್ಬ ಗೊತ್ತುಮಾಡುವ ಈ ನಾಡಿನ ಮನೆಗಳಿಗೆ ಆ ಲೆಕ್ಕ ಹೊಸದೆನಿಸಲಾರದು.

ಹಬ್ಬಕ್ಕೆ ಮುಂಚೆ ತಪಸ್ಸಿನ ಕಾಲ. ಹಿಂದಿನ ವರ್ಷದ ಗರಿಗಳ ಭಾನುವಾರ ಜನರು ಹಿಡಿದಿದ್ದ ಗರಿಗಳನ್ನೇ ಸುಟ್ಟು, ಆ ಬೂದಿಯನ್ನು ವಿಭೂತಿ ಬುಧವಾರದಂದು ಹಣೆಗೆ ಹಚ್ಚುತ್ತಾರೆ. ಜಯಘೋಷದ ಸಂಕೇತವೇ ಮಣ್ಣಾಗುವುದರ ನೆನಪಾಗುತ್ತದೆ. ಅಂದಿನಿಂದ ಈಸ್ಟರಿಗೆ 46 ದಿನ. ನಡುವಣ 6 ಭಾನುವಾರಗಳು ಉಪವಾಸದ ಲೆಕ್ಕಕ್ಕೆ ಸೇರವಾದ್ದರಿಂದ ಉಳಿಯುವುದು 40. ಯೇಸು ಅಡವಿಯಲ್ಲಿ ಉಪವಾಸವಿದ್ದ ದಿನಗಳೂ ಅಷ್ಟೇ. ಮಾಂಸವನ್ನು ಬಿಟ್ಟು ಮೀನಿನ ಔತಣವನ್ನೇ ನಡೆಸುವ ಜಾಣರೂ ಉಂಟು. ಅವರ ಮಾತು ಇಲ್ಲಿ ಬೇಡ. ಆದರೆ ಆ ಅಡವಿಯಲ್ಲಿ ಸೈತಾನನು ಮೊದಲು ಕೇಳಿದ್ದೇನು ಎಂಬುದನ್ನು ಗಮನಿಸಬೇಕು. ಅವನು ಕೇಳಿದ್ದು ದುಷ್ಕೃತ್ಯವನ್ನಲ್ಲ. ಕಲ್ಲನ್ನು ರೊಟ್ಟಿಯಾಗಿಸು ಎಂದಷ್ಟೆ. ಹಸಿದವನು ರೊಟ್ಟಿ ತಿನ್ನುವುದು ಪಾಪವೇ? ಹಸಿವನ್ನು ಅದರ ಅವಧಿಗೆ ಮೊದಲೇ ಮುಗಿಸಿಬಿಡು ಎಂಬ ಅವಸರವೇ ಅಲ್ಲಿನ ಪ್ರಲೋಭನೆ. ಆ ಅವಸರಕ್ಕೆ ಒಲ್ಲೆನೆನ್ನುವ ಅಭ್ಯಾಸಕ್ಕಾಗಿಯೇ ಈ ನಲವತ್ತು ದಿನಗಳು.

ಅಭ್ಯಾಸಕ್ಕೆ ಪರೀಕ್ಷೆ ಬರುವುದು ಕಡೆಯ ಮೂರು ದಿನಗಳಲ್ಲಿ. ಕಥೋಲಿಕ ಇಗರ್ಜಿಗಳಲ್ಲಿ ಪವಿತ್ರ ಗುರುವಾರದ ಸಂಜೆ ಗಂಟೆಗಳು ಮೌನ ತಾಳುತ್ತವೆ. ಅವುಗಳ ಬದಲು ಮರದ ಕಟಕಟೆಯ ಸಪ್ಪಳ. ಪೀಠದ ಹೊದಿಕೆಯನ್ನು ತೆಗೆದುಬಿಡುತ್ತಾರೆ. ಶುಭ ಶುಕ್ರವಾರ ಬಲಿಪೂಜೆಯಿಲ್ಲ. ಶಿಲುಬೆಯ ವಂದನೆಯುಂಟು, ಕಣ್ಣೀರುಂಟು. ಶನಿವಾರ ಹಗಲಿಗೆ ಅದೂ ಇಲ್ಲ, ಬರಿಯ ಬರಿದು. ಸುವಾರ್ತೆಗಳೂ ಆ ದಿನದ ವಿಷಯದಲ್ಲಿ ಮಿತಭಾಷಿಗಳು. ಸ್ತ್ರೀಯರು ಸುಗಂಧದ್ರವ್ಯಗಳನ್ನು ಸಿದ್ಧಪಡಿಸಿಕೊಂಡು, ಸಬ್ಬತ್ತಿನ ನಿಯಮದಂತೆ ವಿಶ್ರಮಿಸಿಕೊಂಡರೆಂದು ಲೂಕನು ಹೇಳಿ ಸುಮ್ಮನಾಗುತ್ತಾನೆ. ಇಂದು ಆ ಕಥೆಯನ್ನು ಓದುವವರಿಗೆ ಮುಂದಿನ ಕಂತು ಮೊದಲೇ ಗೊತ್ತು. ಅಂದು ಬಾಗಿಲಿಕ್ಕಿಕೊಂಡು ಕುಳಿತವರಿಗೆ ಅದು ಧಾರಾವಾಹಿಯಾಗಿರಲಿಲ್ಲ, ಕಥೆ ಮುಗಿದೇಹೋಗಿತ್ತು.

ಈ ಬರಿದನ್ನು ಸಹಿಸುವುದು ಸಭೆಗೂ ಕಷ್ಟವಾಗಿತ್ತೋ ಏನೋ. ಈಸ್ಟರಿನ ಜಾಗರಣೆ ಮೂಲತಃ ರಾತ್ರಿಯದು. ಕಾಲಕ್ರಮದಲ್ಲಿ ಅದು ಹಿಂದಕ್ಕೆ ಸರಿಯುತ್ತ ಸರಿಯುತ್ತ ಶನಿವಾರ ಬೆಳಗಿಗೇ ಬಂದುಬಿಟ್ಟಿತ್ತು. ಶತಮಾನಗಳ ಕಾಲ, ಇರುಳಿನ ಮಹಿಮೆಯನ್ನು ಹಾಡುವ ಗೀತೆಯನ್ನು ಹಾಡಹಗಲಲ್ಲಿ ಹಾಡಿ, ಸೂರ್ಯನ ಬೆಳಕಿನಲ್ಲಿ ಮೇಣದಬತ್ತಿ ಹೊತ್ತಿಸುತ್ತಿದ್ದರು! 12ನೆಯ ಪಿಯುಸ್ ಪೋಪರು 1951ರಲ್ಲಿ ಅದನ್ನು ಮತ್ತೆ ರಾತ್ರಿಗೆ ತರಲು ಪ್ರಯೋಗರೂಪದಲ್ಲಿ ಅನುಮತಿಯಿತ್ತರು. 1955ರ ಆಜ್ಞೆಯಿಂದ ಮರುವರ್ಷ ಅದು ಕಡ್ಡಾಯವಾಯಿತು. ಶನಿವಾರಕ್ಕೆ ಅದರ ಶೂನ್ಯ ಹಿಂದಿರುಗಿ ಬಂತು. ಅದನ್ನು ಬಹು ದೊಡ್ಡ ಸುಧಾರಣೆಯೆಂದೇ ಎಣಿಸಬೇಕು.

ಮೂರನೆಯ ದಿನ ಸಮಾಧಿಗೆ ಹೋಗಿ ಹಾಲುತುಪ್ಪ ಬಿಡುವ ಪದ್ಧತಿ ಕನ್ನಡನಾಡಿನ ಅನೇಕ ಮನೆತನಗಳಲ್ಲಿ ಉಂಟು. ಆ ಭಾನುವಾರ ನಸುಕಿನಲ್ಲಿ ಸಮಾಧಿಯ ಕಡೆಗೆ ನಡೆದ ಹೆಂಗಸರ ಮನಸ್ಸು ಇಲ್ಲಿಯ ತಾಯಂದಿರಿಗೆ ಸಹಜವಾಗಿಯೇ ಅರ್ಥವಾದೀತು. ಅವರು ಹೊರಟದ್ದು ಪವಾಡವನ್ನು ನೋಡಲಿಕ್ಕಲ್ಲ. ಸತ್ತವರಿಗೆ ಸಲ್ಲಬೇಕಾದುದನ್ನು ಸಲ್ಲಿಸಲಿಕ್ಕೆ. ಬಾಗಿಲಿನ ಬಂಡೆಯನ್ನು ಉರುಳಿಸುವವರು ಯಾರೆಂಬುದೂ ಅವರಿಗೆ ತಿಳಿಯದು. ದಾರಿಯುದ್ದಕ್ಕೂ ಅದೇ ಚಿಂತೆ. ಆದರೂ ನಡೆದರು. ಮಾರ್ಕನ ಸುವಾರ್ತೆಯ ಅತಿ ಪ್ರಾಚೀನ ಹಸ್ತಪ್ರತಿಗಳೆರಡು, ಆ ಹೆಂಗಸರು ಹೆದರಿ ಓಡಿಹೋಗಿ ಯಾರಿಗೂ ಏನನ್ನೂ ಹೇಳಲಿಲ್ಲವೆಂಬಲ್ಲಿಗೇ ನಿಂತುಬಿಡುತ್ತವೆ. ಯೋಹಾನನಲ್ಲಿಯಾದರೋ ಮಗ್ದಲದ ಮರಿಯಳು ಎದುರಿಗೆ ನಿಂತ ಗುರುವನ್ನೇ ತೋಟಗಾರನೆಂದು ಭ್ರಮಿಸುತ್ತಾಳೆ. ಹೆಸರು ಹಿಡಿದು ಕರೆದಾಗ ಮಾತ್ರ ಗುರುತು. ಸಂತೋಷವೂ ಒಮ್ಮೆಗೇ ಅರ್ಥವಾಗುವ ವಸ್ತುವಲ್ಲ.

ಸಾವು ಕಂಡ ಮನೆಗೆ ಬಂಧುಗಳು ಬರುತ್ತಾರೆ. ಎಲ್ಲ ದೇವರ ಚಿತ್ತ, ಇನ್ನು ಅಳಬಾರದು, ಮಕ್ಕಳ ಮುಖ ನೋಡಿಕೊಂಡು ಗಟ್ಟಿಯಾಗು ಎನ್ನುತ್ತಾರೆ. ಮಾತಿನಲ್ಲಿ ಕಪಟವಿಲ್ಲ. ಆದರೆ ಅದು ಶನಿವಾರ ಬೆಳಗ್ಗೆ ಹೊತ್ತಿಸಿದ ಬತ್ತಿ. ಗಂಡನ ಕುರ್ಚಿ ಬರಿದಾದ ಮನೆಯಲ್ಲಿ, ಮಗನ ಹಾಸಿಗೆ ಸುತ್ತಿಟ್ಟ ಮನೆಯಲ್ಲಿ, ಭಾನುವಾರ ಬಂದೇ ಬರುತ್ತದೆಂದು ನಂಬಿದವರಿಗೂ ಶನಿವಾರ ಒಂದೇ ಹಗಲಿನಲ್ಲಿ ಕಳೆಯುವುದಿಲ್ಲ. ಅಂಥ ಮನೆಗೆ ಬಂದು ಏನೂ ಆಡದೆ ಒಂದು ಗಳಿಗೆ ಕುಳಿತು ಹೋಗುವವರು ವಿರಳ.

ಶನಿವಾರ ರಾತ್ರಿ ಇಗರ್ಜಿಯ ದೀಪಗಳನ್ನೆಲ್ಲ ಆರಿಸಿ ಹೊರಗಡೆ ಹೊಸ ಬೆಂಕಿ ಮಾಡುತ್ತಾರೆ. ಅದರಿಂದ ಹೊತ್ತುವ ದೊಡ್ಡ ಮೇಣದಬತ್ತಿಯ ಮೇಲೆ ಆ ವರ್ಷದ ಅಂಕಿಗಳಿರುತ್ತವೆ. ಶಿಲುಬೆಯ ಗುರುತಿನಲ್ಲಿ ಧೂಪದ ಐದು ಹರಳುಗಳನ್ನು ನೆಡುತ್ತಾರೆ. ಅವು ಐದು ಗಾಯಗಳು. ಎದ್ದುಬಂದವನ ಮೈಮೇಲೂ ಗಾಯಗಳು ಮಾಯದೆ ಇದ್ದವು. ತೋಮನು ಅವನ್ನು ಕಂಡೇ ನಂಬಿದನು. ಆ ಬತ್ತಿ ಕತ್ತಲೆಯ ನಡುವೆ ಮೆಲ್ಲನೆ ಮುಂದಕ್ಕೆ ಸಾಗುತ್ತದೆ. ಅದರಿಂದ ಒಬ್ಬರು, ಅವರಿಂದ ಮತ್ತೊಬ್ಬರು ಹೊತ್ತಿಸಿಕೊಳ್ಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತ ಹೆಂಗಸಿನ ಕೈಗೆ ಬೆಳಕು ತಲುಪುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಪಕ್ಕದ ಹುಡುಗಿಯೊಬ್ಬಳು ತನ್ನ ಬತ್ತಿಯನ್ನು ಅವಳ ಕಡೆಗೆ ಬಾಗಿಸಿ, ಅದು ಹತ್ತಿಕೊಳ್ಳುವತನಕ ಹಾಗೆಯೇ ಹಿಡಿದಿರುತ್ತಾಳೆ.